ಎಡಗಡೆಯ ಖಿಡಕಿ

ಗಿರಣಿ ಮುಚ್ಚಿದ ವರ್ಷ ಮ್ಯಾನೇಜರರ ಬಂಗಲೆಯ ಸಾಮಾನು
ಲಿಲಾವಿಗೆ ಬಂತು. ಕುರ್ಚಿ, ನಿಲುವುಗನ್ನಡಿ, ಕೂಲರು
ಯಾರ್ಯಾರೋ ಒಯ್ದರು.
ಅಪ್ಪ ಹನ್ನೊಂದು ರೂಪಾಯಿಗೆ ಒಂದು ಪುಸ್ತಕ ತಂದ,
ಬೆನ್ನು ಕಿತ್ತದ್ದು. ಒಳಗೆ ಹಾಲೆಂಡಿನ ಒಬ್ಬ ಚಿತ್ರಗಾರ,
ಯಾಪ್ ಟೆರ್ ಹೋವೆ,
ಸತ್ತು ಮುನ್ನೂರು ವರ್ಷ.

ಬಾಳೀವೇಸಿನ ಓಣಿಯಲ್ಲಿ ಅಪ್ಪನ ಅಂಗಡಿ:
ರೇವಣಸಿದ್ಧ ಆರ್ಟ್ಸ್. ಮರಾಠಿಯಲ್ಲಿ ದೊಡ್ಡದಾಗಿ,
ಕನ್ನಡದಲ್ಲಿ ಉಳಿದಷ್ಟು ಜಾಗದಲ್ಲಿ.
ಸತ್ತವರ ಮುಖ ಬರೆಯುವುದು ಕೆಲಸ,
ರೇಷನ್ ಕಾರ್ಡಿನ ಫೋಟೋ ನೋಡಿ,
ಅರ್ಧ ಗಲ್ಲಕ್ಕೆ ಸರಕಾರದ ಶಿಕ್ಕೆ ಬಿದ್ದದ್ದು.
"ನಮ್ಮವ್ವಗ ನತ್ತು ಹಾಕ್ರಿ. ಇರಲಿಲ್ಲ ಖರೆ, ಹಾಕ್ರಿ."
"ಕಾಕಾನ ಕಣ್ಣು ತೆರೀರಿ," ಅಂದವರು
ಹೆಣದ ಫೋಟೋ ತಂದಿದ್ದರು.
ಅಪ್ಪ ತೆರೆಯುತ್ತಿದ್ದ,
ಎರಡು ದಿನಕ್ಕೆ ಒಂದು ಜೋಡಿ.

ರಾತ್ರಿ ಪುಸ್ತಕ ನನ್ನ ಮುಂದೆ ಇಟ್ಟು, ಓದು ಅನ್ನುವನು.
ಎಂಟನೆಯ ಇಯತ್ತೆಯ ಇಂಗ್ಲಿಷು ನನ್ನದು,
ಎಡವಿ ಎಡವಿ ಕನ್ನಡಕ್ಕೆ ಎಳೆದು ತರುತ್ತಿದ್ದೆ.
ಶ್ರೀಮಂತರ ಮುಖ ಬರೆದು ಹೊಟ್ಟೆ ಹೊರೆದನಂತೆ:
ಅರಿವೆ ವ್ಯಾಪಾರಿ, ಅವನ ಹೆಂಡತಿ, ಕೊರಳ ಸುತ್ತ ಗಂಜಿ ಹಾಕಿದ ನಿರಿಗೆ.
ಉಳಿದ ಹೊತ್ತಿನಲ್ಲಿ ತನಗೆ ಬೇಕಾದದ್ದು:
ಮೀನು ಹೆರೆಯುವವಳು, ಮಗುವಿನ ತಲೆಯಲ್ಲಿ ಹೇನು ಹುಡುಕುವವಳು,
ಕಸಬರಿಗೆ ಹಿಡಿದೇ ನಿದ್ದೆ ಹೋದವಳು.
ರೊಟ್ಟಿ ಅಂಗಡಿಯ ಬಾಕಿಗೆ ಒಂದು ಚಿತ್ರ ಕೊಟ್ಟನಂತೆ.
"ಎಷ್ಟು ಬಾಕಿ?"
ಎರಡು ವರ್ಷದ ರೊಟ್ಟಿ.
"ನಮ್ಮ ಕಿರಾಣಿಯವ ಒಪ್ಪೂದಿಲ್ಲ ಬಿಡು," ನಕ್ಕ ಅಪ್ಪ.

ಅವನು ಸತ್ತಾಗ ಸಾಲ ಕೊಟ್ಟವರು ಮನೆಯ ಯಾದಿ ಮಾಡಿದರಂತೆ:
ಚಿತ್ರ ನಿಲ್ಲಿಸುವ ಮೂರು ಕುದುರೆ, ಒಂದು ಹಾಸಿಗೆ, ತೂತಿನ ಹಂಡೆ,
ಮಾರದೆ ಉಳಿದ ಚಿತ್ರ ಹದಿನೇಳು,
ಅದರಲ್ಲಿ ಕೆಲಸದ ಹುಡುಗಿಯದು ಐದು.
"ಆಕಿ ಹೆಸರು?"
ಹಾಳೆ ತಿರುವಿದೆ. ಕೊನೆಯ ಸೂಚಿಯನ್ನೂ ನೋಡಿದೆ.
ಇರಲಿಲ್ಲ.
"ಐದು ಸಲ ಮುಂದ ಕೂಡಿಸ್ಯಾನ.
ಒಂದು ಸಲ ಬರೆದಿಲ್ಲ?"
ಆ ರಾತ್ರಿ ರೊಟ್ಟಿ ಆರುವತನಕ ಊಟಕ್ಕೆ ಏಳಲಿಲ್ಲ.

ಮರುದಿನ ಅವ್ವನ ಜಾಗ ಬದಲಾಯಿತು.
ಬೀಡಿಯ ಮೊರ ಹೊಸ್ತಿಲು ಬಿಟ್ಟು ಒಳಗೆ ಬಂತು,
ಇದ್ದ ಒಂದೇ ಖಿಡಕಿಯ ಪಕ್ಕಕ್ಕೆ.
ಬೆಳಕು ಎಡದಿಂದ ಬರಬೇಕಂತೆ, ಪುಸ್ತಕದಲ್ಲಿ ಹಾಗೇ ಇತ್ತು.
"ಸಂಜೀತನಕ ಸಾವಿರ ಆಗಬೇಕು,
ಅಲುಗಾಡದ ಕೂಡಾಕ ನನಗ ಆಗೂದಿಲ್ಲ."
"ಅಲುಗಾಡು," ಅಂದ.
ಕ್ಯಾನ್ವಾಸಿಗೆ ದುಡ್ಡಿರಲಿಲ್ಲ.
ಸೋತ ನಗರಸೇವಕನೊಬ್ಬನ ಪ್ರಚಾರದ ತಗಡು ಸಿಕ್ಕಿತು,
ಮುಂದೆ ಕೈಮುಗಿದ ಅವನು, ಹಿಂದೆ ಅವ್ವ.
ಎಂಟು ದಿನ, ಬಿಸಿಲು ಗೋಡೆ ಹತ್ತುವವರೆಗೆ.
ಒದ್ದೆ ಗೋಣಿಯಲ್ಲಿ ನೆನೆದ ಎಲೆ, ಬಾಯಿ ತೆರೆದ ಕತ್ತರಿ,
ಕುಡಿಯುವ ನೀರಿನ ಹಿತ್ತಾಳೆ ತಂಬಿಗೆ.
ಹೆಬ್ಬೆರಳಿನ ಕಂದು ಮಾತ್ರ ಕೂಡಿಬರಲಿಲ್ಲ.
ಮೂರು ಸಲ ಕಲಸಿ, ಕೊನೆಗೆ
ಮೊರದಿಂದ ಚಿಟಿಕೆ ತಂಬಾಕು ತೆಗೆದು ಎಣ್ಣೆಯಲ್ಲಿ ಅರೆದ.

ಕೆಳಗೆ ದುಂಡಗೆ ಬರೆದ: ನಾಗಿಂದ್ರಾಬಾಯಿ ಹತ್ತೂರೆ.
ತನ್ನ ಸಹಿ ಹಾಕಲಿಲ್ಲ.

ಅಪ್ಪ ಹೋದ.
ಅವನದು ಇದ್ದದ್ದು ರೇಷನ್ ಕಾರ್ಡಿನದೊಂದೇ,
ಶಿಕ್ಕೆ ಸರಿಯಾಗಿ ಮೂಗಿನ ಮೇಲೆ.
ಬರೆಯುವವರು ಯಾರು ಈಗ?
ತಗಡು ತೆಗೆದು ಬೆಳಕಿಗೆ ಹಿಡಿದೆ.
ತಂಬಿಗೆಯ ಉಬ್ಬಿನಲ್ಲಿ, ಅಕ್ಕಿಕಾಳಿನಷ್ಟು,
ಒಬ್ಬ ನಿಂತಿದ್ದ.
"ಅವ್ವ, ಇಲ್ಲಿ ಅಪ್ಪ ಇದಾನ."
ಕನ್ನಡಕ ಏರಿಸಿ ನೋಡಿದಳು.
"ಖಿಡಕಿ ಅದು."
"ಕೈ ಎತ್ತ್ಯಾನ ನೋಡು."
"ಖಿಡಕಿ ಸರಳು."

ಸೆರಗಿನಿಂದ ತಗಡಿನ ಧೂಳು ಒರೆಸಿದಳು,
ಬಿರುಸಾಗಿ, ಮೂಲೆ ಮೂಲೆ,
ತಂಬಿಗೆಯ ಹತ್ತಿರ ಮಾತ್ರ ಒಂದೇ ಬೆರಳಿಂದ.
ಆಮೇಲೆ ಮೊರ ಎಳೆದುಕೊಂಡಳು.
ಕಟ್ಟು ಹದಿನೇಳೋ ಹದಿನೆಂಟೋ ಮರೆತಿತ್ತು,
ಮತ್ತೆ ಒಂದರಿಂದ ಎಣಿಸಿದಳು.